ಊರಹಂದಿಗೆ ಪಟ್ಟಿ ಪಟ್ಟಿ ಮರಿ, ಹೊಲದಾಗ ರಾತ್ರಿ ಅಗೆತ: ಎರಡಕ್ಕೂ ಕಾಡಹಂದೀನೇ ಕಾರಣ ಏನ್ರಿ?

ಕಾಡಂಚಿನ ಹೊಲ, ಚಿಂಚೋಳಿ
ಎಲ್ಲಾರಿಗೂ ನಮಸ್ಕಾರ್ರಿ. ನಾಲ್ಕು ಎಕರೆ ಹೊಲ, ಎರಡೆಕರೆ ಶೇಂಗಾ, ಎರಡೆಕರೆ ಗೋವಿನಜೋಳ. ಶೇಂಗಾ ಕಾಯಿ ಕಟ್ಟಲಾಕತ್ತದ, ತೆನಿ ಹಾಲುಗಾಳಿನಾಗ ಅದ. ರಾತ್ರಿ ಹಂದಿ ಬಂದು ಸಾಲಿಗೆ ಸಾಲೇ ಅಗದು ಹೋಗ್ಲಾಕತ್ತಾವ. ಊರಾಗ ಹಂದಿ ಸಾಕೋರೂ ಅದಾರ. ಅವರ ಕರಿ ಹೆಣ್ಣುಹಂದಿ ಸೆಪ್ಟೆಂಬರ್ 12ಕ್ಕ 8 ಮರಿ ಹಾಕ್ಯಾದ, ಅದರಾಗ 3ಕ್ಕ ಕಿವಿ ಹಿಂದಿನಿಂದ ಬಾಲದ ತನಕ ಕಂದು-ಹಳದಿ ಪಟ್ಟಿ. ಮಂದಿ ಎಲ್ಲಾ ಕಾಡಗಂಡು ಕೂಡ್ಯಾದ ಅಂತಾರ.

ಕೇಳೋದು ಇಷ್ಟು: ಪಟ್ಟಿ ಅದ ಅಂದ್ರ ಅಪ್ಪ ಕಾಡಹಂದೀನೇ ಅಂತ ಖಾತ್ರಿ ಹೇಳಬಹುದಾ? ಹೊಲ ಅಗೆಯೋದು ಊರಹಂದಿನೋ ಕಾಡಹಂದಿನೋ ಹ್ಯಾಂಗ ಗುರುತು ಹಿಡೀಬೇಕು? ಊರಹಂದಿ ಗೊಬ್ಬರ ನೀರಾಗ ಕಲಸಿ ಹೊಲದ ಸುತ್ತ ಹೊಡದ್ರ ಕಾಡಹಂದಿ ಬರಂಗಿಲ್ಲ ಅಂತ ತೆಲಂಗಾಣದ ತಾಂಡೂರ್ ಕಡಿ ಮಂದಿ ಹೇಳ್ತಾರ, ಅದು ಖರೇನಾ?

ತಳಿಲೆಕ್ಕ
ಮೊದಲ ಪ್ರಶ್ನೆ ನನಗಿರಲಿ. ಖಾತ್ರಿ ಹೇಳಕ್ಕಾಗಲ್ಲ.

ಊರಹಂದಿ, ಕಾಡಹಂದಿ ಎರಡೂ ಒಂದೇ ಪ್ರಭೇದ, ಸುಸ್ ಸ್ಕ್ರೋಫಾ. ನಮ್ಮ ದೇಶದ ಕಾಡಹಂದಿ ಅದರ ಉಪಪ್ರಭೇದ, ಕ್ರಿಸ್ಟಾಟಸ್. ಕತ್ತಿನಿಂದ ಬೆನ್ನ ಮೇಲೆ ಎದ್ದು ನಿಲ್ಲೋ ಬಿರುಗೂದಲ ಸಾಲು ಇದರ ಗುರುತು. ಸುಮಾರು 10,000 ವರ್ಷದ ಹಿಂದೆ ಈಗಿನ ಟರ್ಕಿಯ ಪೂರ್ವಭಾಗದಲ್ಲಿ ಒಮ್ಮೆ, ಚೀನಾದಲ್ಲಿ ಬೇರೆಯಾಗಿ ಇನ್ನೊಮ್ಮೆ ಜನ ಕಾಡಹಂದಿಯನ್ನ ಪಳಗಿಸಿದರು. ಅಷ್ಟು ದಿನದಲ್ಲಿ ಹೊಸ ಪ್ರಭೇದ ಆಗಲಿಲ್ಲ. ಕುದುರೆ, ಕತ್ತೆ ಕೂಡಿ ಹುಟ್ಟಿದ ಹೇಸರಗತ್ತೆ ಬಂಜೆ. ಇಲ್ಲಿ ಹಾಗಲ್ಲ, ಊರಹಂದಿ ಕಾಡಹಂದಿ ಕೂಡಿ ಹುಟ್ಟಿದ ಮರಿ ಬೆಳೆದು ಸರಾಗ ಮರಿ ಹಾಕುತ್ತದೆ. ಪಶ್ಚಿಮ ಯುರೋಪಿನ ಕೆಲವು ಕಾಡಹಂದಿಗಳಲ್ಲಿ ಎರಡು ವರ್ಣತಂತುಗಳು ಬೆಸೆದುಕೊಂಡು ಒಟ್ಟು 36 ಇರುತ್ತವೆ. ಊರಹಂದಿಗೆ 38. ಅಲ್ಲಿ ಕೂಡಿದರೆ ಮರಿಗೆ 37 ಬರುತ್ತದೆ, ಆದರೂ ಮರಿ ಹಾಕುತ್ತದೆ. ಏಷ್ಯಾದ ಕಾಡಹಂದಿಗೆ 38ಯೇ ಇರೋದರಿಂದ ನಮ್ಮಲ್ಲಿ ಆ ವ್ಯತ್ಯಾಸವೂ ಇಲ್ಲ.

ಈಗ ಪಟ್ಟೆ. ಕಾಡುಬಣ್ಣದ ಮರಿಗೆ ಹುಟ್ಟುವಾಗ ಪಟ್ಟೆ ಇರುತ್ತದೆ, ನಾಲ್ಕರಿಂದ ಆರು ತಿಂಗಳೊಳಗೆ ಮಾಸುತ್ತದೆ. ಈ ಬಣ್ಣವನ್ನ ತೀರ್ಮಾನಿಸೋ ಮುಖ್ಯ ಜೀನು ಎಂಸಿ1ಆರ್. ಪ್ರತಿ ಹಂದಿಯಲ್ಲೂ ಅದರ ಎರಡು ಪ್ರತಿ, ಒಂದು ಅಪ್ಪನಿಂದ, ಒಂದು ಅವ್ವನಿಂದ. ಕಪ್ಪು ಪ್ರತಿ ಕಾಡುಬಣ್ಣದ ಪ್ರತಿಯನ್ನ ಮುಚ್ಚಿಹಾಕುತ್ತದೆ. ನೀವು ಹೇಳಿದ ಕರಿ ಹೆಣ್ಣಿನಲ್ಲಿ ಒಂದು ಕಪ್ಪು, ಒಂದು ಕಾಡುಬಣ್ಣ ಇದ್ದರೆ ನೋಡಕ್ಕೆ ಅಚ್ಚ ಕಪ್ಪೇ. ಅದಕ್ಕೆ ಕಾಡಗಂಡು ಕೂಡಿದರೆ ಮರಿಗಳಲ್ಲಿ ಅರ್ಧಕ್ಕೆ ಪಟ್ಟೆ ಬರಬೇಕು, 8ರಲ್ಲಿ 4. ಅದೇ ರೀತಿ ಕಾಡುಬಣ್ಣ ಅಡಗಿರುವ ಕರಿ ಊರಗಂಡು ಕೂಡಿದರೂ ಕಾಲುಭಾಗಕ್ಕೆ ಪಟ್ಟೆ, 8ರಲ್ಲಿ 2. ನಿಮ್ಮಲ್ಲಿ ಬಂದಿರೋದು 3. ಎರಡು ಲೆಕ್ಕಕ್ಕೂ ಹೊಂದುತ್ತದೆ.

ಇದರ ತಿರುವುಮುರುವೂ ಗೊತ್ತಿರಲಿ. ಬಿಳಿ ಯಾರ್ಕ್‌ಶೈರ್ ಹೆಣ್ಣಿಗೆ ಕಾಡಗಂಡು ಕೂಡಿದರೆ ಮರಿ ಹೆಚ್ಚೂಕಡಿಮೆ ಎಲ್ಲಾ ಬಿಳಿ, ಯಾಕಂದರೆ ಬಿಳಿ ಬೇರೊಂದು ಜೀನಿನದು, ಅದು ಎಲ್ಲದರ ಮೇಲೂ ಕೂರುತ್ತದೆ. ಪಟ್ಟೆ ಇಲ್ಲ ಅಂತ ನಿಶ್ಚಿಂತೆಯಿಂದ ಇರೋ ಹಾಗಿಲ್ಲ. ಕೆಂಪು ಡ್ಯುರಾಕ್ ಹೆಣ್ಣಿಗೆ ಕೂಡಿದರೆ ಮಾತ್ರ ಪಟ್ಟೆ ಢಾಳಾಗಿ ಕಾಣುತ್ತದೆ, ಕೆಂಪು ಪ್ರತಿ ಕಾಡುಬಣ್ಣದ ಮುಂದೆ ಸೋಲುತ್ತದೆ.

ಪಶುವೈದ್ಯ, ಬೀದರ್
ಮೇಲಿನ ಲೆಕ್ಕಕ್ಕೆ ಒಂದು ಸೇರಿಸುತ್ತೇನೆ. ಹಂದಿ ಬೆದೆ ಎರಡು-ಮೂರು ದಿನ ಇರುತ್ತದೆ, ಅಷ್ಟರಲ್ಲಿ ಎರಡು ಗಂಡು ಕೂಡಿದರೆ ಒಂದೇ ಸೂಲಿನಲ್ಲಿ ಇಬ್ಬರು ಅಪ್ಪಂದಿರ ಮರಿ ಹುಟ್ಟಬಹುದು. ಆಗ 3 ಒಂದು ಕಡೆ, 5 ಒಂದು ಕಡೆ ಆದರೂ ಆಶ್ಚರ್ಯವಿಲ್ಲ.

ಬಣ್ಣಕ್ಕಿಂತ ದಿನದ ಲೆಕ್ಕ ಹೆಚ್ಚು ಉಪಯೋಗ. ಹಂದಿ ಗಬ್ಬ ಸುಮಾರು 114 ದಿನ, ಅಂದರೆ 3 ತಿಂಗಳು 3 ವಾರ 3 ದಿನ. ಸೆಪ್ಟೆಂಬರ್ 12ರಿಂದ ಹಿಂದಕ್ಕೆ ಎಣಿಸಿದರೆ ಮೇ 21. ಆ ಹೊತ್ತಿಗೆ ಕಾಡಿನ ಹಳ್ಳ, ಗುಂಡಿ ಬತ್ತಿರುತ್ತವೆ. ಕಾಡಹಂದಿ ನೀರಿಗೆ ಊರ ಕೆರೆ, ಗಟಾರದ ತನಕ ಇಳಿಯುವುದು ಅದೇ ವಾರಗಳಲ್ಲಿ. ಮೇ 18ರಿಂದ 24ರ ಒಳಗೆ ಆ ಹೆಣ್ಣು ರಾತ್ರಿ ಹೊರಗಿತ್ತೋ ಗೂಡಿನಲ್ಲಿತ್ತೋ ಅಂತ ಸಾಕಿದವರನ್ನು ಕೇಳಿ. ಕಟ್ಟಿಹಾಕಿತ್ತು ಎಂದಾದರೆ ಪಟ್ಟೆ ಊರಗಂಡಿನಿಂದಲೇ ಬಂದಿರಬೇಕು.

ಆಳಂದ ಕಬ್ಬು
ಡಾಕ್ಟ್ರೇ, ಡಿಎನ್‌ಎ ಟೆಸ್ಟ್ ಮಾಡಿಸಿದ್ರ ಒಂದ ಮಾತಿನಾಗ ಮುಗೀತದಲ್ಲ?

ತಳಿಲೆಕ್ಕ
ಅಣ್ಣಾ, ಅದೂ ಅಷ್ಟು ಸಲೀಸಲ್ಲ. ಮೈಟೋಕಾಂಡ್ರಿಯದ ಡಿಎನ್‌ಎ ಅವ್ವನಿಂದ ಮಾತ್ರ ಬರುತ್ತದೆ. ಇಲ್ಲಿ ಅವ್ವ ಊರಹಂದಿ, ಹಾಗಾಗಿ ಅಪ್ಪ ಯಾರಾದರೂ ಫಲಿತಾಂಶ ಊರಹಂದಿ ಅಂತಲೇ ಬರುತ್ತದೆ. ಯುರೋಪಿನಲ್ಲಿ ಎಂಸಿ1ಆರ್ ಜೊತೆ ಎನ್‌ಆರ್6ಎ1 ಅನ್ನೋ ಜೀನು ನೋಡುತ್ತಾರೆ. ಅದು ಬೆನ್ನುಮೂಳೆಯ ಮಣಿಗಳ ಸಂಖ್ಯೆಗೆ ಸಂಬಂಧಪಟ್ಟದ್ದು: ಎದೆ ಮತ್ತು ಸೊಂಟದ ಮಣಿ ಸೇರಿ ಕಾಡಹಂದಿಗೆ 19, ಉದ್ದಮೈಯ ವಿಲಾಯತಿ ತಳಿಗಳಿಗೆ 21ರಿಂದ 23. ಆದರೆ ಏಷ್ಯಾದ ಎಷ್ಟೋ ದೇಸಿ ಹಂದಿಗಳಲ್ಲಿ ಆ ಜೀನಿನ ಕಾಡುರೂಪವೇ ಇದೆ. ವಿಲಾಯತಿ ಹೆಣ್ಣಿನ ಮರಿಗೆ ಆ ಪರೀಕ್ಷೆ ಮಾತಾಡುತ್ತದೆ, ದೇಸಿ ಕರಿ ಹಂದಿಯ ಮರಿಗೆ ಬಾಯಿ ಬಿಡಲ್ಲ. ಸುತ್ತಲಿನ ಊರಗಂಡುಗಳ ರಕ್ತದ ಮಾದರಿ ಕೊಟ್ಟು ತಂದೆತನದ ಪರೀಕ್ಷೆ ಮಾಡಿಸೋದು ಒಂದೇ ಗಟ್ಟಿ ದಾರಿ. ಮೂರು ಮರಿಗೋಸ್ಕರ ಅಷ್ಟು ರೊಕ್ಕ ಯಾಕೆ?

ಶಹಾಪುರ ಬೆಟ್ಟ
ಇಷ್ಟೆಲ್ಲಾ ಯಾಕ್ರಿ? ಊರಹಂದಿನ ಕಾಡಿಗೆ ಬಿಟ್ರ ಮೂರು ತಿಂಗಳದಾಗ ಅದೇ ಕಾಡಹಂದಿ ಆಗ್ತದ. ಕೂದಲ ಬರ್ತದ, ಕೋರಿ ಬರ್ತದ, ಮೂತಿ ಉದ್ದ ಆಗ್ತದ.

ತಳಿಲೆಕ್ಕ
ಅರ್ಧ ನಿಜ. ಚಳಿ, ಹಸಿವು, ಓಡಾಟಕ್ಕೆ ಕೂದಲು ಒರಟಾಗುತ್ತದೆ, ಕೊಬ್ಬು ಇಳಿಯುತ್ತದೆ. ಕೋರೆ ಊರಗಂಡಿಗೂ ಬೆಳೆಯುತ್ತದೆ, ಸಾಕೋರು ಮರಿಯಲ್ಲೇ ಹಲ್ಲು ಕತ್ತರಿಸೋದರಿಂದ, ಗಂಡನ್ನ ಬೇಗ ಮಾರೋದರಿಂದ ನಮ್ಮ ಕಣ್ಣಿಗೆ ಬೀಳಲ್ಲ ಅಷ್ಟೆ. ಎರಡಕ್ಕೂ ಒಟ್ಟು ಹಲ್ಲು 44. ಆದರೆ ತಲೆಬುರುಡೆ ಒಂದೇ ಹಂದಿಯ ಜೀವಮಾನದಲ್ಲಿ ಬದಲಾಗಲ್ಲ. ಕಾಡಹಂದಿ ಮುಖ ಹಣೆಯಿಂದ ಮೂತಿಯ ತನಕ ನೇರ ಗೆರೆ. ಸುಧಾರಿತ ಊರಹಂದಿಗೆ ಕಣ್ಣಿನ ಮುಂದೆ ತಗ್ಗು. ಮೆದುಳೂ ಕಾಡಹಂದಿಗಿಂತ ಸುಮಾರು ಮೂರನೇ ಒಂದು ಭಾಗ ಚಿಕ್ಕದು, ಕಾಡಿಗೆ ಬಿಟ್ಟರೂ ಅದು ಹಿಗ್ಗಲ್ಲ. ಹಂದಿಯ ಚಹರೆ ನಿಜವಾಗಿ ಬದಲಾಗೋದು ಕಾಡಹಂದಿ ಜೊತೆ ಕೂಡಿ ಪೀಳಿಗೆ ಸಾಗಿದಾಗ.

ಗಸ್ತು
ಗುರುತಿನ ವಿಚಾರಕ್ಕೆ ಬರೋಣ. ಅದು ಬರೀ ಕುತೂಹಲದ ಪ್ರಶ್ನೆ ಅಲ್ಲ. ಕಾಡಹಂದಿ ಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಉಂಟು, ಬಿಡಾಡಿ ಊರಹಂದಿ ಹಾನಿಗೆ ಇಲ್ಲ. ಅದರ ದೂರು ಪಂಚಾಯತಿಗೆ. ಚಿಂಚೋಳಿ ವನ್ಯಜೀವಿಧಾಮ 2011ರಲ್ಲಿ ಘೋಷಣೆಯಾದದ್ದು, 134.88 ಚದರ ಕಿಲೋಮೀಟರ್. ಸುತ್ತಲಿನ ಊರುಗಳ ಅರ್ಜಿಯಲ್ಲಿ ಹಂದಿ ಯಾವುದು ಅನ್ನೋ ತಕರಾರು ಏಳುವುದು ಸಹಜ.

ಕಣ್ಣಿಗೆ ಬಿದ್ದರೆ: ಕಾಡಹಂದಿ ಮುಂಭಾರ, ಹೆಗಲು ಎತ್ತರ, ಹಿಂಭಾಗ ಇಳಿಜಾರು. ಊರಹಂದಿಗೆ ಸೊಂಟ, ತೊಡೆ ದಪ್ಪ. ಕಾಡಹಂದಿ ಬಾಲ ನೆಟ್ಟಗೆ ಜೋತುಬಿದ್ದು ತುದಿಗೆ ಕುಚ್ಚು, ಓಡುವಾಗ ಮೇಲೆತ್ತುತ್ತದೆ. ಸುರುಳಿ ಬಾಲ ಕಂಡರೆ ಊರಹಂದಿ ರಕ್ತ ಇದೆ. ಕಿವಿ ಚಿಕ್ಕದು, ನೆಟ್ಟಗೆ. ಮೈಮೇಲೆ ಬಿಳಿ ಮಚ್ಚೆ ಇದ್ದರೆ ಮಿಶ್ರಣದ ಅನುಮಾನ.

ಕಣ್ಣಿಗೆ ಬೀಳದಿದ್ದರೆ ನೆಲ ಓದಬೇಕು. ಎರೆ ಭೂಮಿಯಲ್ಲಿ ಮಳೆಯಾದ ಮರುದಿನ ಹೆಜ್ಜೆ ಅಚ್ಚೊತ್ತಿದಂತೆ ಬೀಳುತ್ತದೆ. ಹಂದಿ ಹೆಜ್ಜೆಯಲ್ಲಿ ಎರಡು ಮುಖ್ಯ ಗೊರಸಿನ ಹಿಂದೆ, ಅವುಗಳಿಗಿಂತ ಅಗಲಕ್ಕೆ, ಎರಡು ಚುಕ್ಕೆ ಮೂಡುತ್ತವೆ. ಅದು ಹಿಂಗೊರಸು. ಕೃಷ್ಣಮೃಗ, ಕುರಿಯ ಹೆಜ್ಜೆಯಲ್ಲಿ ಮಾಮೂಲಿ ನಡಿಗೆಗೆ ಅದು ಬೀಳಲ್ಲ. ಸಿಮೆಂಟು ನೆಲದ ಮೇಲೆ ನಿಂತ ಊರಹಂದಿ ಗೊರಸು ತುದಿ ಬೆಳೆದು ಬಿಚ್ಚಿಕೊಂಡಿರುತ್ತದೆ, ಕಾಡಹಂದಿಯದು ಸವೆದು ಬಿಗಿಯಾಗಿರುತ್ತದೆ. ಇದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ, ಬಯಲಲ್ಲಿ ತಿರುಗುವ ದೇಸಿ ಹಂದಿ ಗೊರಸೂ ಸವೆದಿರುತ್ತದೆ. ಹೆಜ್ಜೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ನೋಡಿ. ಊರ ಕಡೆಗೆ ಹೋದ ಹೆಜ್ಜೆಗೆ ಒಂದು ಅರ್ಥ, ಹಳ್ಳ ದಾಟಿ ಕುರುಚಲು ಕಾಡಿಗೆ ಹೋದ ಹೆಜ್ಜೆಗೆ ಇನ್ನೊಂದು. ಬದುವಿನ ಜಾಲಿ, ಬೇವಿನ ಬುಡಕ್ಕೆ ಹಸಿ ಕೆಸರು ಉಜ್ಜಿದ ಗುರುತಿದ್ದರೆ ಅದರ ಎತ್ತರ ಅಳೆಯಿರಿ. ತೊಗಟೆಯಲ್ಲಿ ಸಿಕ್ಕ ಕೂದಲು ಎತ್ತಿಡಿ, ಹಂದಿಯ ಬಿರುಗೂದಲು ತುದಿಯಲ್ಲಿ ಸೀಳಿರುತ್ತದೆ.

ಮುಳ್ಳಹಂದಿ ಹಾನಿಯನ್ನ ಇದಕ್ಕೆ ಸೇರಿಸಿ ಅರ್ಜಿ ಕೆಡಿಸಿಕೊಳ್ಳೋರೂ ಇದ್ದಾರೆ. ಮುಳ್ಳಹಂದಿ ಕಾಂಡವನ್ನ ಉಳಿಯಲ್ಲಿ ಕೆತ್ತಿದಂತೆ ಕಡಿಯುತ್ತದೆ, ಸಣ್ಣ ಗುಂಡಿ ತೋಡುತ್ತದೆ. ಕಾಡಹಂದಿ ಗೋವಿನಜೋಳದ ದಂಟನ್ನ ಮೈಯಿಂದ ಕೆಡವಿ ತೆನೆ ಅಗಿಯುತ್ತದೆ, ಶೇಂಗಾ ಸಾಲನ್ನ ಮೂತಿಯಿಂದ ಉಳುತ್ತಾ ಹೋಗುತ್ತದೆ.

ಫೋಟೊ ತೆಗೆಯುವಾಗ ಹೆಜ್ಜೆ ಪಕ್ಕ ಅಡಿಪಟ್ಟಿ ಇಡಿ, ಸ್ಥಳ-ಸಮಯ ಮೂಡೋ ಆ್ಯಪ್ ಬಳಸಿ. ಒಂದು ಹತ್ತಿರದಿಂದ, ಒಂದು ಹೊಲದ ಗುರುತು ಸಿಗೋ ಹಾಗೆ ದೂರದಿಂದ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆ ವಲಯ ಅರಣ್ಯ ಕಚೇರಿಗೆ ಕೊಟ್ಟರೆ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಇ-ಪರಿಹಾರದಲ್ಲಿ ದಾಖಲಾಗುತ್ತದೆ. ಸ್ಥಳ ತನಿಖೆ ಆಗೋತನಕ ಹೊಲ ಹರಗಬೇಡಿ.

ಕಾಡಂಚಿನ ಹೊಲ, ಚಿಂಚೋಳಿ
ಗಸ್ತು ಸಾಹೇಬ್ರ, ಹೆಜ್ಜಿ ಎಲ್ಲಾ ಹಳ್ಳದ ಕಡಿಗೇ ಹೋಗ್ಯಾವ. ಹಂಗಾದ್ರ ಕಾಡಹಂದೀನೇ. ಆ ಗೊಬ್ಬರ ನೀರಿನ ಮಾತಿಗೆ ಯಾರಾದ್ರೂ ಹೇಳ್ರಿ.

ಆಳಂದ ಕಬ್ಬು
ತೆಲಂಗಾಣದ ಕೃಷಿ ಸಲಹೆದಾಗ ಇರೋದು ಖರೆ. ಊರಹಂದಿ ಗೊಬ್ಬರ ನೀರಾಗ ಕದಡಿ ಹೊಲದ ಸುತ್ತ ಒಂದು ಅಡಿ ಅಗಲ ಪಟ್ಟಿ ಹಂಗ ನೆಲಕ್ಕ ಹೊಡೀತಾರ. ಬ್ಯಾರೆ ಹಿಂಡು ಇಲ್ಲಿ ಠಿಕಾಣಿ ಹೂಡ್ಯಾದ ಅಂತ ವಾಸನಿಗೆ ತಿಳದು ಕಾಡಹಂದಿ ತಿರುಗಿ ಹೋಗ್ತದ ಅನ್ನೋದು ಲೆಕ್ಕ. ಒಂದೇ ಜಾತಿ ಆಗಿದ್ದಕ್ಕೇ ಈ ವಾಸನಿ ನಡೀತದ. ಆದ್ರ ಮಳಿ ಬಂದ್ರ ತೊಳದು ಹೋಯ್ತು, ಬಿಸಲಿಗೆ ಒಣಗಿದ್ರ ವಾಸನಿ ಸತ್ತು ಹೋಯ್ತು. ನಾಕು ದಿನ ಯಾರೂ ಎದುರು ಬರಲಿಲ್ಲ ಅಂದ್ರ ಹಂದಿಗೂ ತಿಳೀತದ. ಕೊಳತ ಕೋಳಿಮೊಟ್ಟಿ ನೀರು ಲೀಟರಿಗೆ 20 ಮಿಲಿಯಂಗ ಹಾಕಿ ಹೊಡೆಯೋದೂ ಇಂಥದ್ದೇ, ಹತ್ತು ದಿನಕ್ಕೊಮ್ಮಿ ಮತ್ತ ಹೊಡೀಬೇಕು.

ಪಶುವೈದ್ಯ, ಬೀದರ್
ಈ ಉಪಾಯವನ್ನು ನಾನು ಬೇಡ ಎನ್ನುತ್ತೇನೆ, ಕನಿಷ್ಠ ಹಂದಿ ಗೊಬ್ಬರದ್ದನ್ನು. ಒಂದೇ ಪ್ರಭೇದ ಆದ್ದರಿಂದ ವಾಸನೆ ದಾಟುತ್ತದೆ ಎಂದಿರಿ. ರೋಗವೂ ಹಾಗೆಯೇ ದಾಟುತ್ತದೆ.

ಆಫ್ರಿಕನ್ ಹಂದಿಜ್ವರ ಭಾರತಕ್ಕೆ ಬಂದದ್ದು 2020ರಲ್ಲಿ, ಅಸ್ಸಾಂ ಮತ್ತು ಅರುಣಾಚಲದಲ್ಲಿ ಮೊದಲು. 2022ರಲ್ಲಿ ಕೇರಳದ ವಯನಾಡಿಗೆ ಬಂತು. ಊರಹಂದಿ, ಕಾಡಹಂದಿ ಎರಡನ್ನೂ ಕೊಲ್ಲುತ್ತದೆ. ಚಿಕಿತ್ಸೆ ಇಲ್ಲ, ನಮ್ಮಲ್ಲಿ ಬಳಕೆಯಲ್ಲಿರುವ ಲಸಿಕೆಯೂ ಇಲ್ಲ. ಮನುಷ್ಯರಿಗೆ ಬರುವುದಿಲ್ಲ. ವೈರಸ್ಸು ರಕ್ತದಲ್ಲಿ ಅತಿ ಹೆಚ್ಚು. ಗೊಬ್ಬರ, ಮೂತ್ರ, ಜೊಲ್ಲಿನಲ್ಲೂ ಹೊರಬೀಳುತ್ತದೆ, ಒಣಗಿಸಿದ ಅಥವಾ ಉಪ್ಪು ಹಾಕಿದ ಮಾಂಸದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಜ್ವರ 41-42 ಡಿಗ್ರಿ ಸೆಲ್ಸಿಯಸ್, ಮೇವು ಬಿಡುವುದು, ಕಿವಿ ಮತ್ತು ಹೊಟ್ಟೆಯಡಿ ಕೆಂಪು-ನೀಲಿ ಛಾಯೆ, ರಕ್ತಭೇದಿ, ಸಾಲುಸಾವು. ನಮ್ಮಲ್ಲಿ ಮೊದಲಿನಿಂದ ಇರುವ ಹಳೆಯ ಹಂದಿಜ್ವರದ ಲಕ್ಷಣವೂ ಇದೇ, ಕಣ್ಣಿನಿಂದ ಬೇರ್ಪಡಿಸಲಾಗದು. ಖಚಿತ ಪರೀಕ್ಷೆ ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯದಲ್ಲಿ. ಹಳೆಯ ಜ್ವರಕ್ಕೆ ಲಸಿಕೆ ಇದೆ: ಮರಿಗೆ ಎರಡು ತಿಂಗಳ ಹೊತ್ತಿಗೆ, ಆಮೇಲೆ ವರ್ಷಕ್ಕೊಮ್ಮೆ. ತೀರಾ ಎಳೆ ಮರಿಗೆ ಹಾಕಿದರೆ ತಾಯಿಹಾಲಿನಿಂದ ಬಂದ ಪ್ರತಿಕಾಯಗಳು ಲಸಿಕೆಯನ್ನು ಹೊಡೆದುಹಾಕುತ್ತವೆ, ದುಡ್ಡು ನೀರುಪಾಲು.

ಯಾವುದೋ ಗೂಡಿನ ಗೊಬ್ಬರ ತಂದು ಕಾಡಂಚಿನಲ್ಲಿ ಎರಚಿದರೆ, ಆ ಗೂಡಿನಲ್ಲಿ ಏನಿತ್ತೋ ಅದನ್ನು ಕಾಡಿಗೆ ಕೊಟ್ಟಂತೆ. ಕಾಡಹಂದಿ ಹಿಂಡಿಗೆ ಒಮ್ಮೆ ಹೊಕ್ಕರೆ ಲಸಿಕೆ ಹಾಕಲು, ಬೇರ್ಪಡಿಸಲು ಅವೇನು ನಮ್ಮ ದೊಡ್ಡಿಯಲ್ಲಿಲ್ಲ. ಮತ್ತೆ ಅಲ್ಲಿಂದ ಊರಿಗೆ ಬರುತ್ತದೆ.

ಭಾಲ್ಕಿ ಸಾಕಾಣಿಕೆ
ಡಾಕ್ಟ್ರು ಹೇಳಿದ್ದಕ್ಕೆ ಗೂಡಿನ ಕಡೆಯಿಂದ ಮಾಡಬೇಕಾದದ್ದು ಹೇಳ್ತೀನಿ. ಪಟ್ಟಿ ಮರಿ ಹುಟ್ಟಿದ ಮನೆಯವರು ಮೊದಲು ನೋಡಬೇಕಾದದ್ದು ಗೋಡೆ.

ಬೆದೆಗೆ ಬಂದ ಹೆಣ್ಣಿನ ವಾಸನೆಗೆ ಕಾಡಗಂಡು ಮುಳ್ಳುಬೇಲಿ ನುಗ್ಗಿ ಬರ್ತದ. ಇಟ್ಟಿಗೆ ಇಲ್ಲಾ ಕಲ್ಲಿನ ಗೋಡೆ ನಾಲ್ಕೂವರೆ ಅಡಿ ಬೇಕು, ಬರೀ ಜಾಳಿ ಸಾಲದು. ಜಾಳಿಯೇ ಹಾಕೋದಾದ್ರೆ ಎರಡು ಸುತ್ತು ಹಾಕಿ, ನಡುವೆ ಮೂರಡಿ ಬಿಡಿ. ಮೂತಿಗೆ ಮೂತಿ ತಾಗಬಾರದು ಅನ್ನೋದು ಅದರ ಉದ್ದೇಶ, ಕೂಡದಿದ್ರೂ ಜೊಲ್ಲು ತಾಗಿದ್ರೆ ರೋಗಕ್ಕೆ ಸಾಕು. ಹೊರಗಿನ ಜಾಳಿ ಬುಡ ಒಂದಡಿ ಮಣ್ಣಾಗ ಹೂಳಬೇಕು. ನಮ್ಮ ಕಡೆ ಶಹಾಬಾದ್ ಫರ್ಸಿ (ಚಪ್ಪಡಿ ಕಲ್ಲು) ಅಗ್ಗ, ಒಡಕು ಫರ್ಸಿ ಅಂಚಿನ ಮೇಲೆ ನಿಲ್ಲಿಸಿ ಹೂಳಿದ್ರೆ ಮೂತಿ ಹಾಕಿ ಎತ್ತಕ್ಕಾಗಲ್ಲ. ಗೂಡಿನ ನೆಲಕ್ಕೂ ಫರ್ಸಿ ಹಾಕ್ತಾರೆ, ಪಾಲಿಶ್ ಮಾಡಿದ್ದು ಹಾಕಬೇಡಿ. ಉಚ್ಚೆಗೆ ಜಾರಿ ಗಬ್ಬದ ಹಂದಿ ತೊಡೆ ಹರಕೊಂಡು ಬೀಳ್ತಾವೆ. ಒರಟು ಮುಖ ಮೇಲೆ ಮಾಡಿ, ಸಂದಿಗೆ ಸಿಮೆಂಟ್ ತುಂಬಿ, ಮೋರಿ ಕಡೆಗೆ ಇಳಿಜಾರು ಕೊಡಿ.

ಬೆದೆ ದಿನ ಗೋಡೆ ಮೇಲೆ ಬರೆದಿಡಿ. 21 ದಿನಕ್ಕೊಮ್ಮೆ ಬರ್ತದ, 18ರಿಂದ 24ರ ಒಳಗೆ ಹೆಚ್ಚುಕಮ್ಮಿ ಆಗ್ತದ. ಮರಿ ಬಿಡಿಸಿದ 4ರಿಂದ 7 ದಿನಕ್ಕೆ ಬಂದೇ ಬರ್ತದ, ಭಾಳ ಮಂದಿ ತಪ್ಪೋದು ಇಲ್ಲೇ. ಮರಿ ಮಾರಿದ ಮೇಲೆ ಹೆಣ್ಣು ಸೊರಗ್ಯಾದ, ಮೇಯಲಿ ಅಂತ ಹೊರಗೆ ಬಿಡ್ತಾರೆ, ಅದೇ ವಾರ ಅದು ಬೆದೆಗೆ ಬಂದಿರ್ತದ. ಬೆನ್ನಿಗೆ ಎರಡೂ ಕೈ ಊರಿ ಒತ್ತಿದಾಗ ಅಲ್ಲಾಡದೆ ಕಿವಿ ನಿಮಿರಿಸಿ ನಿಂತ್ರೆ ಬೆದೆ. ಆ ಮೂರು ದಿನ ಒಳಗೇ ಇರಲಿ.

ಮುಸುರಿ, ಹೋಟೆಲ್ ಎಂಜಲು ಹಾಕೋರಿಗೆ: 90 ಡಿಗ್ರಿಗೆ ಕಮ್ಮಿ ಆಗದಂಗೆ ಒಂದು ತಾಸು ತಿರುವುತ್ತಾ ಕುದಿಸಬೇಕು. ಮ್ಯಾಲೆ ಕುದಿ ಬಂತು ಅಂತ ಇಳಿಸಿದ್ರೆ ತಳದಾಗಿನ ಮಾಂಸದ ತುಂಡು ಹಸಿಯೇ ಇರ್ತದ. ಹೊಸ ಹಂದಿ ತಂದ್ರೆ 30 ದಿನ ಬೇರೆ ಗೂಡು. ಗೂಡಿನ ಬಾಗಿಲಿಗೆ ಕಾಲು ಅದ್ದೋ ತೊಟ್ಟಿ, 2% ಕಾಸ್ಟಿಕ್ ಸೋಡಾ, ಅಂದ್ರೆ 10 ಲೀಟರ್ ನೀರಿಗೆ 200 ಗ್ರಾಂ. ನೀರಿಗೆ ಸೋಡಾ ಹಾಕಬೇಕು, ಸೋಡಾ ಮೇಲೆ ನೀರು ಸುರಿದ್ರೆ ಸಿಡಿದು ಕಣ್ಣಿಗೆ ಬೀಳ್ತದ. ರಬ್ಬರ್ ಬೂಟು, ಕೈಗವಸು ಬೇಕೇ ಬೇಕು. ಗೊಬ್ಬರ ಹತ್ತಿದ ನೆಲಕ್ಕೆ ಹಾಗೇ ಔಷಧಿ ಹೊಡೆದ್ರೆ ದಂಡ, ಮೊದಲು ಕೆರೆದು ತೊಳೀರಿ.

ಹುಣಸಗಿ ಕಾಲುವಿ
ಅಕ್ಕಾ, ಈ ಮಿಶ್ರ ಮರಿ ಇಟ್ಟುಕೊಂಡ್ರ ಲಾಭ ಅದ ಏನು? ಮಾಂಸ ರುಚಿ ಇರ್ತದ, ರೋಗ ಬರಂಗಿಲ್ಲ ಅಂತಾರ. ಇನ್ನೊಂದು, ಕಬ್ಬು ಕಡಿಯೋವಾಗ ಪಟ್ಟಿ ಮರಿ ಸಿಗ್ತಾವ, ಅವನ್ನೂ ತಂದು ಸಾಕಬಹುದಾ?

ಭಾಲ್ಕಿ ಸಾಕಾಣಿಕೆ
ಲಾಭ ಇಲ್ಲ ಬಿಡಿ. ಕಾಡಹಂದಿ ಸೂಲಿಗೆ ಸಾಮಾನ್ಯ 4ರಿಂದ 6 ಮರಿ, ಒಳ್ಳೆ ಯಾರ್ಕ್‌ಶೈರಿಗೆ 8ರಿಂದ 12. ಮಿಶ್ರ ಹೆಣ್ಣು ಇವೆರಡರ ನಡುವೆ. ಅದೇ ಮೇವಿಗೆ ತೂಕ ನಿಧಾನ ಬರ್ತದ, ಮಾಂಸದಾಗ ಕೊಬ್ಬು ಕಮ್ಮಿ. ಬೆದರೋ ಸ್ವಭಾವ, ನಾಲ್ಕಡಿ ಗೋಡೆ ಹಾರೋವೂ ಉಂಟು, ಮರಿ ಹಾಕಿದ ಹೆಣ್ಣಿನ ಹತ್ತಿರ ಹೋಗಕ್ಕೆ ಬಿಡಲ್ಲ. ರೋಗ ಬರಲ್ಲ ಅನ್ನೋದು ಬರೀ ಬಾಯಿಮಾತು, ಹಂದಿಜ್ವರಕ್ಕೆ ಕಾಡುರಕ್ತ ಅಡ್ಡ ಬರಲ್ಲ. ಗಂಡು ಮರಿಗಳ ಬೀಜ ಎರಡನೇ ವಾರದೊಳಗೆ ತೆಗೆಸಿ ಮಾಂಸಕ್ಕೆ ಬೆಳೆಸಿ, ಹೆಣ್ಣನ್ನ ತಳಿಗೆ ಇಟ್ಟುಕೊಳ್ಳಬೇಡಿ.

ಗಸ್ತು
ಕಬ್ಬಿನಲ್ಲಿ ಸಿಕ್ಕ ಮರಿ ಮುಟ್ಟಬೇಡಿ. ತಾಯಿ ಹತ್ತಿರದಲ್ಲೇ ಇರುತ್ತದೆ. ಆ ಸಾಲು ಬಿಟ್ಟು ಬೇರೆ ಕಡೆ ಕಟಾವು ಮಾಡಿ, ರಾತ್ರಿಗೆ ಅದೇ ಕರಕೊಂಡು ಹೋಗುತ್ತದೆ. ತಂದು ಸಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಾಡಹಂದಿ ಮೊದಲು 3ನೇ ಅನುಸೂಚಿಯಲ್ಲಿತ್ತು, 2022ರ ತಿದ್ದುಪಡಿ 2023ರ ಏಪ್ರಿಲ್ 1ಕ್ಕೆ ಜಾರಿಯಾದ ಮೇಲೆ 2ನೇ ಅನುಸೂಚಿಯಲ್ಲಿದೆ. ಊರ ಹೆಣ್ಣು ಗೂಡಿನಲ್ಲಿ ಹಾಕಿದ ಮರಿಯ ಮಾತು ಬೇರೆ. ಆದರೆ ಅದನ್ನ ಕಾಡಹಂದಿ ಮಾಂಸ ಅಂತ ಹೇಳಿ ಮಾರಲು ಹೋದರೆ ಕೇಸು ತಾನಾಗಿ ಮೈಮೇಲೆ ಎಳಕೊಂಡಂತೆ.

ಹಾಗೇ ಬೆಳೆ ಹಾಳು ಮಾಡ್ತದ ಅಂತ ಹೊಡೆಯೋ ಹಾಗಿಲ್ಲ. ಬೆಳೆಹಾನಿ ಮಿತಿಮೀರಿದಾಗ 11ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಆದೇಶ ಕೊಡಬಹುದು. ಪೀಡೆಪ್ರಾಣಿ ಅಂತ ಘೋಷಿಸೋದು 62ನೇ ಕಲಮು, ಅದು ಕೇಂದ್ರದ ಕೈಯಲ್ಲಿದೆ. ಬಿಹಾರಕ್ಕೆ 2015ರಲ್ಲಿ, ಉತ್ತರಾಖಂಡಕ್ಕೆ 2016ರಲ್ಲಿ ನಿಗದಿತ ಅವಧಿಗೆ, ನಿಗದಿತ ಜಿಲ್ಲೆಗಳಿಗೆ ಹಾಗೆ ಮಾಡಿದ್ದುಂಟು. ಉರುಳು, ಸಿಡಿಮದ್ದು ಇಡೋದು ಕಾನೂನಿಗೂ ವಿರುದ್ಧ, ಊರಿನ ಎತ್ತು-ನಾಯಿಯ ದವಡೆಗೂ ಅಪಾಯ.

ಶಹಾಪುರ ಬೆಟ್ಟ
ಕಾನೂನು ಓದಕೋತ ಕೂತ್ರ ಶೇಂಗಾ ಉಳಿಯಂಗಿಲ್ಲ ಸಾಹೇಬ್ರ. ಬೋರಿನ ಲೈನಿಂದ ಒಂದು ತಂತಿ ಎಳದು ರಾತ್ರಿ ಬಿಟ್ಟರ ಮುಗೀತು.

ಆಳಂದ ಕಬ್ಬು
ತಮ್ಮಾ, ಆ ಮಾತು ಇಲ್ಲಿಗೇ ಬಿಡು. ಲೈನಿನ ಕರೆಂಟ್ ಹಿಡದ್ರ ಬಿಡಂಗಿಲ್ಲ, ನಸಕಿನಾಗ ನೀರು ಬಿಡಲಾಕ ಹೋದ ಮಂದಿ ಸಾಯ್ತಾರ, ಜೈಲು ಖಾಯಂ. ಬೇಲಿ ತಂತಿಗೆ ಹಚ್ಚೋ ಸೋಲಾರ್ ಝಟಕಾ ಮಷಿನ್ ಬ್ಯಾರೆ. ಅದು ಸೆಕೆಂಡಿಗೊಮ್ಮಿ, ಸೆಕೆಂಡಿನ ಸಾವಿರದಾಗಿನ ಒಂದು ಪಾಲಿಗಿಂತ ಕಮ್ಮಿ ಹೊತ್ತು ಬಡೀತದ. ವೋಲ್ಟೇಜ್ 5-8 ಸಾವಿರ ಇದ್ರೂ ನಡುವ ಬಿಡುವು ಇರೋದರಿಂದ ಬಡದ ಜೀವ ಹಿಂದಕ್ಕ ಸರೀತದ. ಐಎಸ್‌ಐ ಗುರುತಿನ ಮಷಿನ್ನೇ ತೊಗೋಬೇಕು.

ನಾಲ್ಕೆಕರೆ ಚೌಕ ಹೊಲಕ್ಕ ಸುತ್ತಳತಿ ಸುಮಾರು 510 ಮೀಟರ್. ಐದು ಮೀಟರಿಗೊಂದು ಕಂಬ ಅಂದ್ರ ನೂರರ ಮ್ಯಾಲ ಎರಡು. ತಂತಿ ಜಿಐ (ಸತುವು ಬಳದ ಕಬ್ಬಿಣ), 2.5 ಎಂಎಂ. ಹಂದಿಗೆ ಎಲ್ಲಕ್ಕಿಂತ ಮುಖ್ಯ ಕೆಳಗಿನ ತಂತಿ, ನೆಲದಿಂದ 20 ಸೆಂಟಿಮೀಟರ್, ಮೂತಿ ಎತ್ತರಕ್ಕ. ಹಸಿ ಮೂತಿಗೆ ಬಡದ್ರ ಹಿಂದಕ್ಕ ಜಿಗೀತದ. 35-40ಕ್ಕ ಹಾಕಿದ್ರ ಮೂತಿ ಕೆಳಗ ತೂರಿ ಕಿವಿ ಹಿಂದ ಬಡೀತದ, ಆಗ ಅದು ಮುಂದಕ್ಕೇ ನುಗ್ಗಿ ಹೊಲದಾಗ ಬರ್ತದ. ಮೈಮ್ಯಾಲ ಬಡದ್ರ ದಪ್ಪ ಕೂದಲಕ್ಕ ಕರೆಂಟ್ ತಟ್ಟಂಗೇ ಇಲ್ಲ.

ನಮ್ಮ ಎರಿ ಮಣ್ಣಿಗೆ ಇನ್ನೊಂದು ತೊಂದ್ರಿ ಅದ. ಮಳಿಗಾಲದಾಗ ಅರ್ಥಿಂಗ್ ಛಂದ ಸಿಗ್ತದ, ಜನವರಿ ದಾಟಿದ ಮ್ಯಾಲ ನೆಲ ಬಾಯಿ ಬಿಡ್ತದ, ಕರೆಂಟ್ ತಿರುಗಿ ಮಷಿನ್‌ಗೆ ಹೋಗಂಗಿಲ್ಲ. ತಂತಿದಾಗ ವೋಲ್ಟೇಜ್ ತೋರಸ್ತದ, ಹಂದಿಗೆ ಬಡಿಯಂಗಿಲ್ಲ. ಅದಕ್ಕ ಐದು ತಂತಿ ಹಾಕ್ರಿ: 20 ಸೆಂ.ಮೀ. ಕರೆಂಟ್, 35 ಅರ್ಥ್, 50 ಕರೆಂಟ್, 70 ಅರ್ಥ್, 90 ಕರೆಂಟ್. ಎರಡು ತಂತಿ ನಡುವ ತಲಿ ತೂರಿದ್ರ ನೆಲ ಒಣಗಿದ್ದರೂ ಬಡೀತದ. ಒಟ್ಟು 2,550 ಮೀಟರ್ ತಂತಿ, ಅದರಾಗ ಕರೆಂಟಿಂದು 1,530. ಹುಲ್ಲು ಹತ್ತೋ ಜಾಗಕ್ಕ ಕಿಲೋಮೀಟರಿಗೆ ಒಂದು ಜೌಲ್ (ಮಷಿನ್ ಹೊಡೆತದ ಶಕ್ತಿ ಅಳಿಯೋ ಮಾನ) ಲೆಕ್ಕ ಹಿಡದ್ರ 2 ಜೌಲಿನ ಮಷಿನ್ ಸಾಕು. ಮೂಲಿ ಕಂಬಕ್ಕ ಓರೆ ಆಧಾರ ಕೊಡ್ರಿ, ಇಲ್ಲಾಂದ್ರ ತಂತಿ ಬಿಗಿ ಮಾಡಿದಾಗ ಎರಿ ಮಣ್ಣಾಗ ವಾಲ್ತದ.

ಅರ್ಥಿಂಗ್‌ಗೆ ಆರಡಿ ಜಿಐ ರಾಡು ಮೂರು, ಒಂದಕ್ಕೊಂದು ಹತ್ತಡಿ ದೂರ. ಪರೀಕ್ಷೆ ಹಿಂಗ: ಮಷಿನ್‌ನಿಂದ ನೂರು ಮೀಟರ್ ದೂರ ಕಬ್ಬಿಣದ ಸಲಾಕಿ ನೆಲಕ್ಕ ಚುಚ್ಚಿ ಕರೆಂಟ್ ತಂತಿಗೆ ತಾಗಿಸಿ, ವೋಲ್ಟೇಜ್ 2,000ಕ್ಕಿಂತ ಕೆಳಗ ಇಳಸ್ರಿ. ಆಮ್ಯಾಲ ಕಡೀ ರಾಡಿಗೆ ಮೀಟರ್ ಹಿಡೀರಿ, 300 ವೋಲ್ಟಿನ ಮ್ಯಾಲ ತೋರಿಸಿದ್ರ ಇನ್ನೊಂದು ರಾಡು ಬೇಕು. ದಿನಾ ಸಂಜಿಕ ಬೇಲಿ ತುದಿದಾಗ ಅಳೀರಿ, 4,000ಕ್ಕಿಂತ ಕಮ್ಮಿ ಬಂದ್ರ ಎಲ್ಲೋ ಹುಲ್ಲು ತಂತಿ ಹತ್ತ್ಯಾದ. ಆಗಸ್ಟ್-ಸೆಪ್ಟೆಂಬರ್‌ದಾಗ 15 ದಿನಕ್ಕೊಮ್ಮಿ ಬೇಲಿ ಬುಡ ಕೆತ್ತಬೇಕು. ಬೇಲಿಗೂ ಬೆಳಿಗೂ ನಡುವ ಮೂರಡಿ ಖುಲ್ಲಾ ಇರ್ಲಿ.

ಕಾಡಂಚಿನ ಹೊಲ, ಚಿಂಚೋಳಿ
ಇಷ್ಟು ಖರ್ಚು ಈ ವರ್ಷ ಆಗಂಗಿಲ್ಲ ಕಾಕಾ. ಕುಸುಬಿ ಬಿತ್ತಿದ್ರ ಮುಳ್ಳಿಗೆ ಬರಂಗಿಲ್ಲ ಅಂತಾರಲ್ಲ?

ಆಳಂದ ಕಬ್ಬು
ಶೇಂಗಾದ ಸುತ್ತ ನಾಲ್ಕು ಸಾಲು ಒತ್ತಾಗಿ ಕುಸುಬಿ ಅನ್ನೋ ಸಲಹೆ ಅದ, ಆದ್ರ ಕುಸುಬಿ ಹಿಂಗಾರಿ ಬೆಳಿ. ನಿನ್ನ ಮುಂಗಾರಿ ಶೇಂಗಾಕ್ಕ ಈಗ ಬಿತ್ತಿದ್ರ ಮುಳ್ಳು ಗಟ್ಟಿ ಆಗೋದ್ರಾಗ ಶೇಂಗಾ ಕಿತ್ತು ಮುಗದಿರ್ತದ. ಬ್ಯಾಸಗಿ ಶೇಂಗಾ ಹಾಕೋದಿದ್ರ ಮಾತ್ರ ಮೊದಲೇ ಕುಸುಬಿ ಬಿತ್ತು. ಗೋವಿನಜೋಳಕ್ಕ ಮುಂದಿನ ಮುಂಗಾರಿಗೆ ಸುತ್ತ ನಾಲ್ಕು ಸಾಲು ಔಡಲ ಹಾಕು, ಔಡಲ ಹಂದಿ ತಿನ್ನಂಗಿಲ್ಲ, ಅದರ ವಾಸನಿಗೆ ತೆನಿ ವಾಸನಿ ಅಡಗ್ತದ. ಈ ವರ್ಷಕ್ಕ ಮೂರು ತಂತಿ ಝಟಕಾ ಹಾಕು, 20, 45, 70ಕ್ಕ. ನೆಲ ಹಸಿ ಇರೋತನಾ ಅಷ್ಟೇ ಸಾಕಾಗ್ತದ. ನಾಲ್ಕೂ ಎಕರೆ ಬ್ಯಾಡ, ಶೇಂಗಾ ಎರಡೆಕರೆಗೆ ಸುತ್ತು, 360 ಮೀಟರ್ ಬರ್ತದ. ಕಂಬ ಬಿದಿರಿಂದು ಆದ್ರೂ ನಡೀತದ, ತಂತಿ ಕಟ್ಟೋ ಕಡಿ ಪ್ಲಾಸ್ಟಿಕ್ ಇನ್ಸುಲೇಟರ್ ಮರೀಬ್ಯಾಡ. ಸೈಕಲ್ ಟ್ಯೂಬ್ ತುಂಡು ಕಟ್ಟಿದ್ರ ಮಳಿಗೆ ಸೋರ್ತದ.

ಗಸ್ತು
ಬೆಳೆವಿಮೆ ಕಟ್ಟಿದವರಿಗೆ ಒಂದು ಸೂಚನೆ. ಫಸಲ್ ಬಿಮಾದಲ್ಲಿ ಕಾಡುಪ್ರಾಣಿ ಹಾನಿಯನ್ನ 2026ರ ಮುಂಗಾರಿನಿಂದ ಸೇರಿಸುವುದಾಗಿ ಕೇಂದ್ರ 2025ರ ನವೆಂಬರಿನಲ್ಲಿ ಹೇಳಿದೆ. ಹಾನಿಯಾದ 72 ಗಂಟೆಯೊಳಗೆ ಆ್ಯಪ್‌ನಲ್ಲಿ ಸ್ಥಳ ಮೂಡಿದ ಫೋಟೊ ಸಮೇತ ತಿಳಿಸಬೇಕು. ಯಾವ ಪ್ರಾಣಿ, ಯಾವ ಜಿಲ್ಲೆ ಅನ್ನೋದು ರಾಜ್ಯದ ಅಧಿಸೂಚನೆ ಮೇಲೆ ನಿಂತಿದೆ, ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಳ್ಳಿ.

ಪಶುವೈದ್ಯ, ಬೀದರ್
ಹುಣಸಗಿಯವರಿಗೆ ಒಂದು ಮಾತು ಉಳಿದಿತ್ತು. ಕಾಲುವೆ ಭತ್ತದ ಗದ್ದೆ ಪಕ್ಕದಲ್ಲಿ ಹಂದಿ ಗೂಡು ಇಡುವುದು ಬೇಡ. ಗದ್ದೆಯ ನಿಂತ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಜಪಾನಿ ಮೆದುಳುಜ್ವರದ ವೈರಸ್ಸನ್ನು ಕೊಕ್ಕರೆಯಿಂದ ಹಂದಿಗೆ ತರುತ್ತದೆ. ಹಂದಿಯಲ್ಲಿ ಅದು ಹೆಚ್ಚಿ, ಸೊಳ್ಳೆಯ ಮೂಲಕ ಮಕ್ಕಳಿಗೆ ತಲುಪುತ್ತದೆ. ಮನೆಗಳಿಂದ ಗೂಡು ದೂರ ಇರಲಿ, ಸಂಜೆ ಗೂಡಿಗೆ ಸೊಳ್ಳೆಪರದೆ ಜಾಳಿ ಇಳಿಬಿಡಿ.

ಚಿಂಚೋಳಿಯವರಿಗೆ: ಕಾಡಂಚಿನಲ್ಲಿ ಸತ್ತ ಕಾಡಹಂದಿ ಕಂಡರೆ ಕೊಯ್ಯುವುದು, ಎಳೆದು ಹಾಕುವುದು ಬೇಡ. ಅರಣ್ಯ ಕಚೇರಿಗೂ ಪಶು ಆಸ್ಪತ್ರೆಗೂ ಅದೇ ದಿನ ಫೋನ್ ಮಾಡಿ. ಆಫ್ರಿಕನ್ ಜ್ವರ ಖಚಿತವಾದರೆ ಸುತ್ತ 1 ಕಿಲೋಮೀಟರ್ ಸೋಂಕಿತ ವಲಯ, 10 ಕಿಲೋಮೀಟರ್ ತನಕ ಕಣ್ಗಾವಲು ವಲಯ. ಸೋಂಕಿತ ವಲಯದ ಊರಹಂದಿಗಳನ್ನು ಕೊಂದು ಹೂಳುತ್ತಾರೆ, ಮಾಲೀಕರಿಗೆ ಸರ್ಕಾರದಿಂದ ಪರಿಹಾರ ಬರುತ್ತದೆ. ಆ ಮರಿಗಳ ಮನೆಯವರಿಗೂ ಇದನ್ನು ತಿಳಿಸಿ. ಮರಿಗೆ ಎರಡು ತಿಂಗಳಾಗುವುದು ನವೆಂಬರ್ 12ಕ್ಕೆ, ಹಳೆಯ ಹಂದಿಜ್ವರದ ಲಸಿಕೆಗೆ ಆ ವಾರವೇ ಕರೆತರಲಿ. ಎಂಟನ್ನೂ ಕರೆತರಲಿ, ಪಟ್ಟೆ ಇದ್ದದ್ದು ಇಲ್ಲದ್ದು ಅಂತ ಆರಿಸುವುದು ಬೇಡ.

ಕಾಡಂಚಿನ ಹೊಲ, ಚಿಂಚೋಳಿ
ಆಯ್ತ್ರಿ ಡಾಕ್ಟ್ರೇ, ಹೇಳ್ತೀನಿ. ಕಾಕಾ, ಆ ಮೂರು ತಂತಿ ಬೇಲಿಗೆ 1 ಜೌಲಿನ ಮಷಿನ್ ನಡೀತದಾ?

ಆಳಂದ ಕಬ್ಬು
360 ಮೀಟರ್ ಮೂರು ಸಲ ಅಂದ್ರ 1,080. ಬುಡ ಕೆತ್ತಿ ಇಟ್ಟರ 1 ಜೌಲ್ ನಡೀತದ, ಮುಂದಿನ ವರ್ಷ ಐದು ತಂತಿ ಮಾಡಿ ನಾಲ್ಕೆಕರೆಗೂ ಹಾಕೋ ಮನಸಿದ್ರ ಈಗಲೇ 2 ಜೌಲಿಂದು ತೊಗೋ. ಬೇಲಿ ಹಾಕಿದ ಮೊದಲನೇ ರಾತ್ರಿಯಿಂದಲೇ ಕರೆಂಟ್ ಬಿಡು. ಒಂದೆರಡು ರಾತ್ರಿ ಖಾಲಿ ತಂತಿ ದಾಟಿ ರೂಢಿ ಆಯ್ತಂದ್ರ ಆಮ್ಯಾಲ ಬಡದ್ರೂ ನುಗ್ತಾವ.